ಮನೆಯಲ್ಲೇ ಓದಿ ರೆಕಾರ್ಡ್ ಮಾಡುವವರಿಗೆ ಯಾವ ಯುಎಸ್‌ಬಿ ಮೈಕ್?

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾನು ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಸ್ಟುಡಿಯೋ ಅಂತ ಏನೂ ಇಲ್ಲ. ಮೈಸೂರಿನ ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಎತ್ತರದ ಗೋಡೆ, ಕಿಟಕಿ ತೆಗೆದರೆ ರಸ್ತೆ. ಶುರುವಿನ ದಿನಗಳಲ್ಲಿ ಒಬ್ಬ ಪಿಯುಸಿ ಹುಡುಗಿ ಫೋನ್ ಮಾಡಿ ಕೇಳಿದಳು: "ಮೇಡಂ, ಆ ಪದ್ಯದಲ್ಲಿ ನೀವು ಓದಿದ್ದು ‘ಕರ’ ಅಂತಲಾ, ‘ಖರ’ ಅಂತಲಾ?" ನಾನು ಸರಿಯಾಗಿಯೇ ಓದಿದ್ದೆ. ಆದರೆ ರೆಕಾರ್ಡಿಂಗ್ ಹಾಕಿ ಕೇಳಿದರೆ ನನಗೂ ಗೊತ್ತಾಗಲಿಲ್ಲ. ಖಕಾರದ ಜೊತೆ ಹೊರಬರುವ ಸಣ್ಣ ಉಸಿರು ರೂಮಿನ ಪ್ರತಿಧ್ವನಿಯಲ್ಲಿ ಮುಳುಗಿಹೋಗಿತ್ತು. ಈ ಮಕ್ಕಳು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ. ಅಷ್ಟು ಓಡಿಸಿದಾಗ ಸಣ್ಣ ಮಸುಕೂ ದೊಡ್ಡದಾಗುತ್ತದೆ.

ಆಗ ನನ್ನ ಹತ್ತಿರ ಇದ್ದದ್ದು ಕೆಟ್ಟ ಮೈಕ್ ಅಲ್ಲ. ಒಳ್ಳೆಯ ಮೈಕೇ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಜಾತಿಯದು. ನನ್ನ ರೂಮಿಗೆ ಅದು ಹೊಂದುತ್ತಿರಲಿಲ್ಲ. ಅವತ್ತಿನಿಂದ ಯಾರು "ಯಾವ ಮೈಕ್ ತಗೊಳ್ಳಲಿ?" ಅಂತ ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ: "ಎಲ್ಲಿ ಕೂತು ಓದುತ್ತೀರಿ?"

ಮೊದಲು ರೂಮನ್ನು ಕೇಳಿಸಿಕೊಳ್ಳಿ

ದುಡ್ಡು ಖರ್ಚು ಮಾಡುವ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ. ಓದಲು ಕೂರುವ ಜಾಗದಲ್ಲೇ ನಿಂತು ಒಂದು ಜೋರು ಚಪ್ಪಾಳೆ ತಟ್ಟಿ. ‘ಟಪ್’ ಅಂತ ಅಲ್ಲಿಗೇ ನಿಂತರೆ ಒಳ್ಳೆಯ ರೂಮು. ‘ಟಪ್’ ಆದಮೇಲೆ ‘ಝೀಂ’ ಅಂತ ಒಂದು ಬಾಲ ಉಳಿದರೆ ಗೋಡೆ, ನೆಲ ಎಲ್ಲ ದನಿಯನ್ನು ವಾಪಸ್ ಎಸೆಯುತ್ತಿವೆ ಅಂತ ಅರ್ಥ. ಆಮೇಲೆ ಫೋನಿನ ರೆಕಾರ್ಡರ್ ಹಾಕಿ, ಒಂದು ನಿಮಿಷ ಸುಮ್ನೆ ಕೂತುಬಿಡಿ. ಅದನ್ನು ಇಯರ್‌ಫೋನ್‌ನಲ್ಲಿ ಕೇಳಿ. ಫ್ರಿಜ್ಜಿನ ಗುರ್ರ್, ಪಕ್ಕದ ಮನೆಯ ಮಿಕ್ಸಿ, ಆಟೋ, ಕುಕ್ಕರ್ ಸೀಟಿ, ಫ್ಯಾನು. ದಿನವೂ ಕೇಳಿ ಕೇಳಿ ನಮ್ಮ ಕಿವಿ ಇವನ್ನೆಲ್ಲ ಬಿಟ್ಟುಬಿಟ್ಟಿರುತ್ತದೆ. ಮೈಕ್ ಬಿಡುವುದಿಲ್ಲ. ಸಾಗರ, ತೀರ್ಥಹಳ್ಳಿ ಕಡೆಯ ಹಂಚಿನ ಮನೆಯವರಾದರೆ ಸಂಜೆಯ ಜೀರುಂಡೆ, ಆಷಾಢದ ಮಳೆ ಬೇರೆ.

ಈ ಎರಡು ಪರೀಕ್ಷೆಯ ಉತ್ತರ ಕೈಯಲ್ಲಿ ಇಟ್ಟುಕೊಂಡು ಮುಂದಕ್ಕೆ ಓದಿ.

ಡೈನಾಮಿಕ್ಕೋ ಕಂಡೆನ್ಸರೋ

ಯುಎಸ್‌ಬಿ ಮೈಕ್ ಅಂದರೆ ಮೂರು ವಸ್ತು ಒಂದೇ ಕವಚದೊಳಗೆ ಇದ್ದ ಹಾಗೆ. ದನಿ ಹಿಡಿಯುವ ಮೈಕ್, ಆ ಸಣ್ಣ ಸಿಗ್ನಲ್ಲನ್ನು ಹೆಚ್ಚಿಸುವ ಪ್ರೀಆಂಪ್, ಅದನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಕಳಿಸುವ ಕನ್ವರ್ಟರ್. ಕೊನೆಯ ಎರಡು ಈಗ ಬಹುತೇಕ ಎಲ್ಲ ಮೈಕ್‌ಗಳಲ್ಲೂ ಸಾಕಷ್ಟು ಚೆನ್ನಾಗಿವೆ. ಆಯ್ಕೆ ಮಾಡಬೇಕಾದ್ದು ಮೊದಲನೆಯದನ್ನು.

ಡೈನಾಮಿಕ್ ಮೈಕಿನಲ್ಲಿ ಒಂದು ಪೊರೆಗೆ ತಂತಿಯ ಸುರುಳಿ ಅಂಟಿಸಿರುತ್ತಾರೆ. ಸುರುಳಿ ಒಂದು ಅಯಸ್ಕಾಂತದ ನಡುವೆ ಆಡುತ್ತದೆ, ಅದರಿಂದ ಕರೆಂಟ್ ಹುಟ್ಟುತ್ತದೆ. ಪೊರೆ, ಸುರುಳಿ ಎರಡನ್ನೂ ಅಲ್ಲಾಡಿಸಬೇಕಾದ್ದರಿಂದ ಇದು ಸ್ವಲ್ಪ ಮಂದ. ಜಾತ್ರೆಯ ಭಾಷಣದಿಂದ ಹಿಡಿದು ಆರ್ಕೆಸ್ಟ್ರಾದವರೆಗೆ ಕೈಯಲ್ಲಿ ಹಿಡಿದು ಹಾಡುವ ಮೈಕ್‌ಗಳು ಹೆಚ್ಚಾಗಿ ಈ ಜಾತಿಯವೇ. ಕಂಡೆನ್ಸರ್‌ನಲ್ಲಿ ಲೋಹ ಲೇಪಿಸಿದ ತೀರಾ ತೆಳು ಪೊರೆ ಒಂದು ತಟ್ಟೆಯ ಮುಂದೆ ನಡುಗುತ್ತದೆ. ಹಗುರವಾದ್ದರಿಂದ ಸಣ್ಣ ಸದ್ದಿಗೂ ಸ್ಪಂದಿಸುತ್ತದೆ. ವೀಣೆಯ ಮೀಟು, ತಂಬೂರಿಯ ಝೇಂಕಾರ, ಪಿಸುಮಾತು, ಎಲ್ಲವೂ ಅದರಲ್ಲಿ ಮುದ್ದಾಗಿ ಬರುತ್ತವೆ. ಹಿತ್ತಿಲಿನ ಪಾತ್ರೆ ಸದ್ದೂ ಅಷ್ಟೇ ಮುದ್ದಾಗಿ ಬರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಜನರಿಗೆ ಇದೆ. ‘ಡೈನಾಮಿಕ್ ಮೈಕ್ ಹೊರಗಿನ ಸದ್ದನ್ನು ತಡೆಯುತ್ತದೆ’ ಅಂತ. ಅದು ಏನನ್ನೂ ತಡೆಯುವುದಿಲ್ಲ. ಅದನ್ನು ದೂರ ಇಟ್ಟು ಗೇನ್ (ದನಿ ಹೆಚ್ಚಿಸುವ ಮಟ್ಟ) ಏರಿಸಿದರೆ ಅದೂ ರಸ್ತೆಯನ್ನೆಲ್ಲ ಒಳಗೆ ಕರೆತರುತ್ತದೆ. ನಿಜವಾಗಿ ಕೆಲಸ ಮಾಡುವುದು ದೂರ. ಬಾಯಿಗೂ ಮೈಕ್‌ಗೂ ನಡುವಿನ ದೂರ ಅರ್ಧ ಆದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಜಾಸ್ತಿಯಾಗುತ್ತದೆ. ರೂಮಿನ ಸದ್ದು ಇದ್ದಷ್ಟೇ ಇರುತ್ತದೆ. ಇನ್ನೂ ಅರ್ಧ ಹತ್ತಿರ ಬಂದರೆ ಇನ್ನೊಂದು 6 ಡೆಸಿಬಲ್. ಡೈನಾಮಿಕ್ ಮೈಕ್ ತುಟಿಯಿಂದ ನಾಲ್ಕು ಬೆರಳು ದೂರದಲ್ಲಿ ಮಾತಾಡಿದರೂ ತಡೆದುಕೊಳ್ಳುತ್ತದೆ, ಅಲ್ಲಿ ಮಾತಾಡಲಿ ಅಂತಲೇ ಅದನ್ನು ಮಾಡಿರುತ್ತಾರೆ. ಕಂಡೆನ್ಸರ್ ಮುಂದೆ ಅಷ್ಟು ಹತ್ತಿರ ಕೂತರೆ ಉಸಿರು, ಎಂಜಲಿನ ಚಟಪಟ ಎಲ್ಲ ಕೇಳಿಸುತ್ತದೆ. ಹಾಗಾಗಿ ಹಿಂದೆ ಸರಿಯುತ್ತೇವೆ. ಸರಿದ ಕೂಡಲೇ ರೂಮು ಒಳಗೆ ನುಗ್ಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ನೇರ. ಚಪ್ಪಾಳೆಗೆ ಬಾಲ ಬಂದಿತಾ? ನಿಮಿಷದ ಮೌನದಲ್ಲಿ ಫ್ಯಾನು, ರಸ್ತೆ ಕೇಳಿತಾ? ಕಥೆ, ಪಾಠ, ಪಾಡ್‌ಕಾಸ್ಟ್ ಓದುವವರಾದರೆ ಡೈನಾಮಿಕ್ ತಗೊಳ್ಳಿ. ಸದ್ದಿಲ್ಲದ ಒಳರೂಮು, ಹಾಸಿಗೆ, ಬಟ್ಟೆ ತುಂಬಿದ ಕಪಾಟು ಇದ್ದು, ಹಾಡು ಅಥವಾ ವಾದ್ಯ ರೆಕಾರ್ಡ್ ಮಾಡಬೇಕಾದರೆ ಕಂಡೆನ್ಸರ್. ನಮ್ಮ ಕಡೆಯ ಹೆಚ್ಚಿನ ಮನೆಗಳು ಮೊದಲನೇ ಗುಂಪಿನವೇ. ಗ್ರಾನೈಟು, ಟೈಲ್ಸು, ಮೊಸಾಯಿಕ್ಕು, ಬರೀ ಗೋಡೆ, ಸ್ಟೀಲ್ ಬೀರು.

ಅಂಗಡಿಯಲ್ಲಿ ಕಾಣುವ ಹೆಸರುಗಳು

ಓದುವವರಿಗೆ ನಾನು ಮೊದಲು ಹೇಳುವ ಹೆಸರು ಸ್ಯಾಮ್ಸನ್ ಕ್ಯೂ2ಯು. ಅದರ ಜೊತೆಗೇ ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್. ಎರಡೂ ಡೈನಾಮಿಕ್, ಎರಡೂ ಕೈಮೈಕಿನ ಆಕಾರ. ಎರಡರಲ್ಲೂ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ (ಸ್ಟೇಜ್ ಮೈಕ್‌ಗಳ ಮೂರು ಪಿನ್ನಿನ ಕೇಬಲ್ಲಿನದು) ಎರಡು ಬಾಯಿ ಇವೆ. ಇವತ್ತು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಾಳೆ ಇಂಟರ್‌ಫೇಸ್ (ಅಂಥ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೊಂಡರೆ ಅದೇ ಮೈಕನ್ನು ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಬಳಸಿ, ಊರಿನ ಕಾರ್ಯಕ್ರಮದಲ್ಲಿ ಮಿಕ್ಸರಿಗೂ ಹಾಕಿ. ಹಾಕಿದ ದುಡ್ಡು ಪೋಲಾಗುವುದಿಲ್ಲ. ಎಟಿಆರ್2100ಎಕ್ಸ್ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ಕ್ಯೂ2ಯು 16 ಬಿಟ್, 48 ಕಿಲೋಹರ್ಟ್ಸ್. ಇಲ್ಲಿ ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಅಂತ, ಬಿಟ್ ಅಂದರೆ ಆ ಅಳತೆ ಎಷ್ಟು ಸೂಕ್ಷ್ಮ ಅಂತ. ಈ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಮನುಷ್ಯರ ಕಿವಿ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ. ಅದನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿನ 44.1 ಕಿಲೋಹರ್ಟ್ಸ್ ಧಾರಾಳ ಸಾಕು. ಮಾತಿಗೆ 192 ಇಟ್ಟರೆ ಡಿಸ್ಕ್ ತುಂಬುತ್ತದೆ ಅಷ್ಟೆ.

ಇದೇ ಜಾತಿಯ ದುಬಾರಿ ಅಣ್ಣ ಶ್ಯೂರ್ ಎಂವಿ7. 2020ರಲ್ಲಿ ಬಂತು, 2024ರಲ್ಲಿ ಎಂವಿ7 ಪ್ಲಸ್ ಬಂತು. ಇದಕ್ಕೂ ಎರಡು ಬಾಯಿ. ಕಂಪನಿಯ ಸಾಫ್ಟ್‌ವೇರಿನಲ್ಲಿ ದನಿಯ ಮಟ್ಟ ತಾನೇ ಸರಿಮಾಡಿಕೊಳ್ಳುವ ಸೌಲಭ್ಯ ಇದೆ. ದಿನಕ್ಕೆ ಎರಡು ಮೂರು ಗಂಟೆ ಓದುವವರಿಗೆ, ಇದರಿಂದಲೇ ಸಂಪಾದನೆ ಮಾಡುವವರಿಗೆ ಇದು ತಕ್ಕದ್ದು. ತಿಂಗಳಿಗೆ ನಾಲ್ಕು ಕಥೆ ಓದುವವರಿಗೆ ಅಷ್ಟು ದುಡ್ಡು ಬೇಡ. ಆ ವ್ಯತ್ಯಾಸದ ದುಡ್ಡಿನಲ್ಲಿ ಒಂದು ಒಳ್ಳೆಯ ಮೈಕ್ ತೋಳು, ದಪ್ಪ ಪರದೆ, ಕಿವಿ ಮುಚ್ಚುವ ಹೆಡ್‌ಫೋನ್ ಬರುತ್ತದೆ. ಕೇಳುವವರಿಗೆ ಅದರ ಲಾಭವೇ ಜಾಸ್ತಿ.

ಕಂಡೆನ್ಸರ್‌ಗಳ ಸಾಲಿನಲ್ಲಿ ಎಲ್ಲರೂ ಫೋಟೋದಲ್ಲಿ ನೋಡಿರುವುದು ಬ್ಲೂ ಯೇತಿ. 2009ರಿಂದ ಇದೆ. ಒಳಗೆ ದನಿ ಹಿಡಿಯುವ ಮೂರು ಕ್ಯಾಪ್ಸೂಲ್, ಹಿಂದೆ ತಿರುಗಿಸಲು ಒಂದು ಗುಂಡಿ, ನಾಲ್ಕು ಬಗೆಯ ಹಿಡಿತ: ಮುಂದೆ ಮಾತ್ರ, ಮುಂದೆ ಹಿಂದೆ, ಸುತ್ತಲೂ, ಸ್ಟೀರಿಯೋ. ಒಬ್ಬರೇ ಓದುವಾಗ ಮುಂದಿನ ಹಿಡಿತ ಒಂದೇ ಸಾಕು. ಆದರೆ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಹಳೇ ಕಥೆ, ಸೋಬಾನೆ ಪದ ಕೇಳಿ ರೆಕಾರ್ಡ್ ಮಾಡುವವರಿಗೆ ‘ಮುಂದೆ ಹಿಂದೆ’ ಹಿಡಿತ ವರದಾನ. ಮೈಕ್ ಮಧ್ಯದಲ್ಲಿ, ಆ ಕಡೆ ಅಜ್ಜಿ, ಈ ಕಡೆ ನೀವು. ಹಿರಿಯರ ಕೈಗೆ ಮೈಕ್ ಕೊಟ್ಟರೆ ದನಿಯೇ ಬದಲಾಗಿಬಿಡುತ್ತದೆ, ಗಮನಿಸಿದ್ದೀರಾ? ಮೇಜಿನ ಮೇಲೆ ಸುಮ್ನೆ ಇಟ್ಟರೆ ಐದು ನಿಮಿಷದಲ್ಲಿ ಅದನ್ನು ಮರೆತು ಹಾಡುತ್ತಾರೆ. ಇಂಥ ಕೆಲಸ ಇದ್ದರೆ ನಾನು ಡೈನಾಮಿಕ್ ಪಕ್ಷ ಬಿಟ್ಟು ಯೇತಿ ಕಡೆಗೇ ಹೋಗುತ್ತೇನೆ.

ಆಡಿಯೋ-ಟೆಕ್ನಿಕಾದ ಎಟಿ2020ಯುಎಸ್‌ಬಿ ಪ್ಲಸ್, ರೋಡ್‌ನ ಎನ್‌ಟಿ-ಯುಎಸ್‌ಬಿ ಒಂದೇ ಹಿಡಿತದ ಕಂಡೆನ್ಸರ್‌ಗಳು. ಹಾಡುವವರಿಗೆ, ವಯಲಿನ್ ನುಡಿಸುವವರಿಗೆ ಹಿಡಿಸುತ್ತವೆ. ಕಡಿಮೆ ಬೆಲೆಯಲ್ಲಿ ಫಿಫೈನ್ ಕೆ669 ಇದೆ. ಶಾಂತವಾದ ರೂಮಿದ್ದರೆ ಕಲಿಯಲು ಏನೂ ತೊಂದರೆ ಇಲ್ಲ. ಅದೇ ಕಂಪನಿಯ ಎಎಂ8 ಡೈನಾಮಿಕ್, ಅದಕ್ಕೂ ಎರಡು ಬಾಯಿ. ಬಜೆಟ್ ತೀರಾ ಕಡಿಮೆ ಇದ್ದು ರೂಮು ಗದ್ದಲದ್ದಾದರೆ ಅದನ್ನು ನೋಡಿ.

ಯುಎಸ್‌ಬಿ ಬೇಡವಾದ ಎರಡು ಸಂದರ್ಭ

ಒಂದು, ಫೋನಿನಲ್ಲೇ ಎಲ್ಲ ಮುಗಿಸುವವರು. ಕಾಲರಿಗೆ ಸಿಕ್ಕಿಸುವ ಬೋಯಾ ಬಿವೈ-ಎಂ1ಗೆ 6 ಮೀಟರ್ ಕೇಬಲ್ ಇದೆ, ಬೆಲೆ ಕಡಿಮೆ. ಅಡುಗೆ ತೋರಿಸುತ್ತಾ, ಓಡಾಡುತ್ತಾ ಮಾತಾಡುವವರಿಗೆ ಅದೇ ಸರಿ. ಆದರೆ ಅದು ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಮೈಕ್. ಕೂತು ಪುಸ್ತಕ ಓದಲು ಅಲ್ಲ. ಯುಎಸ್‌ಬಿ ಮೈಕನ್ನೂ ಟೈಪ್-ಸಿ ಇರುವ ಎಷ್ಟೋ ಫೋನ್‌ಗಳಿಗೆ ಓಟಿಜಿ ಅನ್ನುವ ಸಣ್ಣ ಅಡಾಪ್ಟರ್ ಮೂಲಕ ಸಿಕ್ಕಿಸಬಹುದು. ಐಫೋನ್ 15ರಿಂದ ಈಚೆಗೆ ಅಲ್ಲೂ ಟೈಪ್-ಸಿ ಬಂದಿದೆ.

ಎರಡು, ಇಬ್ಬರಿಗೆ ಎರಡು ಪ್ರತ್ಯೇಕ ಮೈಕ್ ಬೇಕಾದವರು. ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ ಹಾಕಿದರೆ ಆಯಿತು ಅಂತ ಅಂದುಕೊಳ್ಳಬೇಡಿ. ರೆಕಾರ್ಡ್ ಮಾಡುವ ಉಚಿತ ಸಾಫ್ಟ್‌ವೇರ್ ಆಡಾಸಿಟಿ ಒಂದು ಸಲಕ್ಕೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತದೆ. ಹೇಗೋ ಎರಡನ್ನು ಸೇರಿಸಿದರೂ ಎರಡರ ಒಳಗಡಿಯಾರಗಳು ಬೇರೆ ಬೇರೆ. ಅರ್ಧ ಗಂಟೆಯಲ್ಲಿ ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ ಜಾರಬಹುದು. ಆಗ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ ಎರಡು ಮೈಕಿನ ಇಂಟರ್‌ಫೇಸ್ ಬೇಕು. ಎರಡು ಬಾಯಿಯ ಮೈಕ್ ಮೊದಲೇ ಕೊಂಡಿದ್ದರೆ ಅದು ಇಲ್ಲಿಗೂ ಬರುತ್ತದೆ.

ಕೂರಿಸುವುದು, ಸಿಕ್ಕಿಸುವುದು

ಮೈಕ್ ಬಂದ ಮೇಲೆ ಮೊದಲು ಅದರ ಮುಖ ಯಾವುದು ಅಂತ ನೋಡಿ. ಕೈಮೈಕಿನ ಆಕಾರದವಕ್ಕೆ ತುದಿಗೆ ಮಾತಾಡಬೇಕು. ಯೇತಿ, ಎಟಿ2020ಯುಎಸ್‌ಬಿ ಪ್ಲಸ್ ಥರದವಕ್ಕೆ ಬದಿಗೆ, ಕಂಪನಿಯ ಗುರುತು ಇರುವ ಕಡೆಗೆ ಮಾತಾಡಬೇಕು. ಯೇತಿಯ ನೆತ್ತಿಗೆ ಬಾಯಿಟ್ಟು ಮಾತಾಡುವವರನ್ನು ಎಷ್ಟೋ ವಿಡಿಯೋಗಳಲ್ಲಿ ನೋಡಿದ್ದೇನೆ. ಕಾರ್ಡಿಯಾಯ್ಡ್ ಮೈಕ್, ಅಂದರೆ ‘ಮುಂದೆ ಮಾತ್ರ’ ಹಿಡಿತದ್ದು, ಬೆನ್ನ ಕಡೆಯಿಂದ ತುಂಬಾ ಕಡಿಮೆ ಕೇಳುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಫ್ಯಾನು, ಕಿಟಕಿ ಮೈಕಿನ ಬೆನ್ನಿಗೆ ಬರುವಂತೆ ಕೂರಿ.

ದೂರಕ್ಕೆ ಟೇಪು ಬೇಡ, ಕೈ ಸಾಕು. ಡೈನಾಮಿಕ್‌ಗೆ ನಾಲ್ಕು ಬೆರಳು. ಕಂಡೆನ್ಸರ್‌ಗೆ ಒಂದು ಗೇಣು, ಗದ್ದಲ ಇದ್ದರೆ ಒಂದು ಚೋಟು. ತುಂಬಾ ಹತ್ತಿರ ಹೋದರೆ ದನಿ ಗಡುಸಾಗಿ, ಮಂದ್ರವಾಗಿ ಕೇಳುತ್ತದೆ. ಕೆಲವರಿಗೆ ಅದು ಇಷ್ಟ. ಆದರೆ ಎರಡು ಪಟ್ಟು ವೇಗದಲ್ಲಿ ಕೇಳುವವರಿಗೆ ಅದು ತೊಡಕು.

ನಮ್ಮ ಭಾಷೆಗೆ ಒಂದು ವಿಶೇಷ ಎಚ್ಚರ ಬೇಕು. ಫ, ಭ, ಪ, ಬ ಹೇಳುವಾಗ ಬಾಯಿಂದ ಗಾಳಿ ಚಿಮ್ಮುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಪಲ’, ‘ಫಲ’ ಅಂತ ಹೇಳಿ ನೋಡಿ. ಎರಡನೆಯದಕ್ಕೆ ಅಂಗೈಗೆ ಗಾಳಿ ತಟ್ಟುತ್ತದೆ. ಆ ಗಾಳಿ ಮೈಕಿಗೆ ನೇರ ಬಡಿದರೆ ‘ಡಬ್’ ಅನ್ನುತ್ತದೆ. ಆದರೆ ಮಹಾಪ್ರಾಣ ಕೇಳುವುದೂ ಅದೇ ಉಸಿರಿನಿಂದ. ಅದನ್ನು ಉಳಿಸಬೇಕು, ಬಡಿತ ಮಾತ್ರ ತಪ್ಪಿಸಬೇಕು. ಅದಕ್ಕೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಬಾಯಿಯ ಮೂಲೆಯ ಕಡೆಗೆ ಸರಿಸಿ, ಮುಖ ನಿಮ್ಮ ತುಟಿಯ ಕಡೆಗೇ ಇರಲಿ. ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ದನಿ ಮೈಕಿಗೆ ಬರುತ್ತದೆ. ಜೊತೆಗೆ ಪಾಪ್ ಫಿಲ್ಟರ್, ಅಂದರೆ ಮೈಕಿನ ಮುಂದೆ ಗಾಳಿ ತಡೆಯುವ ತೆಳು ಪರದೆ. ಕಸೂತಿ ಹಾಕುವ ರಿಂಗಿಗೆ ಹಳೇ ನೈಲಾನ್ ಕಾಲುಚೀಲ ಬಿಗಿದರೂ ಕೆಲಸ ಆಗುತ್ತದೆ. ನನ್ನದು ಈಗಲೂ ಅದೇ.

ಕೇಬಲ್ಲನ್ನು ನೇರ ಕಂಪ್ಯೂಟರಿಗೆ ಹಾಕಿ, ಹಬ್ ಬೇಡ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಪುಟ್‌ನಲ್ಲಿ ನಿಮ್ಮ ಮೈಕಿನ ಹೆಸರನ್ನೇ ಆರಿಸಿ. ಅಲ್ಲೇ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ ಇದ್ದರೆ ಆಫ್ ಮಾಡಿ. ಆಡಾಸಿಟಿ ಮೊದಲೇ ತೆರೆದಿದ್ದರೆ ಹೊಸ ಮೈಕ್ ಅದರ ಪಟ್ಟಿಯಲ್ಲಿ ಕಾಣದಿರಬಹುದು, ಮುಚ್ಚಿ ತೆರೆಯಿರಿ. ಆಮೇಲೆ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಪರದೆಯ ಮೇಲೆ ಮೀಟರ್ ಎಗರಬೇಕು. ಎಗರದಿದ್ದರೆ ಲ್ಯಾಪ್‌ಟಾಪಿನ ಒಳಮೈಕ್ ಕೇಳುತ್ತಿದೆ ಅಂತ. ಒಂದು ಸಲ ಇದನ್ನು ನೋಡದೆ ನಾನು ಇತಿಹಾಸದ ಒಂದು ಪಾಠ ಪೂರ್ತಿ ಓದಿ ಮುಗಿಸಿದೆ, ನಲವತ್ತು ನಿಮಿಷ. ಪರೀಕ್ಷೆಗೆ ಎರಡು ದಿನ ಇತ್ತು, ಮಕ್ಕಳು ಕಾಯುತ್ತಿದ್ದರು. ರಾತ್ರಿ ಮತ್ತೆ ಮೊದಲಿನಿಂದ ಓದಿದೆ. ಅವತ್ತಿನಿಂದ ಉಗುರಿನ ಪರೀಕ್ಷೆ ಬಿಟ್ಟಿಲ್ಲ.

ಗೇನ್ ಇಡುವಾಗ ಪಾಠದ ಅತಿ ಜೋರಿನ ಸಾಲನ್ನು ಓದಿ. ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಏರಿ ಇಳಿಯಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿಮಾಡುವುದು ತುಂಬಾ ಕಷ್ಟ. ಸಣ್ಣಗೆ ಬಂದದ್ದನ್ನು ಹೆಚ್ಚಿಸಬಹುದು. ಮೋನೋ, 44.1 ಕಿಲೋಹರ್ಟ್ಸ್, 16 ಬಿಟ್ ಇಟ್ಟರೆ ಒಂದು ಗಂಟೆಗೆ ಸುಮಾರು 317 ಎಂಬಿ ಆಗುತ್ತದೆ. ಮೈಕಿನಲ್ಲೇ ಹೆಡ್‌ಫೋನ್ ತೂತು ಇದ್ದರೆ ಅದನ್ನೇ ಬಳಸಿ, ನಿಮ್ಮ ದನಿ ತಡವಾಗದೆ ಕಿವಿಗೆ ಬರುತ್ತದೆ.

ಕಂಬಳಿ, ಬಳೆ, ಇನ್ವರ್ಟರ್

ಮೊಟ್ಟೆ ಟ್ರೇ, ಥರ್ಮೋಕೋಲ್ ಗೋಡೆಗೆ ಅಂಟಿಸಬೇಡಿ. ಅವು ದನಿಯನ್ನು ಹೀರುವುದು ತೀರಾ ಕಡಿಮೆ. ಹೀರುವುದು ದಪ್ಪ, ಮೆತ್ತನೆ, ತೂಕದ ವಸ್ತು. ಕೆಳಗೆ ಜಮಖಾನ ಹಾಸಿ. ಕುರಿ ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ ನಿಮ್ಮ ಬೆನ್ನ ಹಿಂದೆ ತೂಗುಹಾಕಿ. ಎಲ್ಲರೂ ಮೈಕಿನ ಹಿಂದೆ ಹಾಕುತ್ತಾರೆ. ಮೈಕ್ ನೋಡುತ್ತಿರುವುದು ನಿಮ್ಮ ಕಡೆ, ಹಾಗಾಗಿ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ತಿರುಗಿ ಬರುವ ದನಿ ಅದರ ಮುಖಕ್ಕೇ ಬೀಳುತ್ತದೆ. ಎರಡು ಕಂಬಳಿ ಇದ್ದರೆ ಎರಡನೆಯದು ಮೈಕಿನ ಹಿಂದೆ. ನಾನು ಹಾಸಿಗೆಯೊಂದನ್ನು ಗೋಡೆಗೆ ಒರಗಿಸಿ ಅದಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಚಪ್ಪಾಳೆಯ ಬಾಲ ಅಲ್ಲಿಗೆ ಕತ್ತರಿಸಿ ಹೋಯಿತು.

ಬಳೆ ತೆಗೆದಿಡಿ. ಸರಬರ ಅನ್ನುವ ರೇಷ್ಮೆ, ಗಂಜಿ ಹಾಕಿದ ಹತ್ತಿ ಬಟ್ಟೆ ಬೇಡ. ಪುಟ ತಿರುಗಿಸುವ ಸದ್ದಿಗೆ ಓದು ನಿಲ್ಲಿಸಿ, ತಿರುಗಿಸಿ, ಒಂದು ಕ್ಷಣ ಬಿಟ್ಟು ಮುಂದುವರಿಸಿ. ಕತ್ತರಿಸಲು ಸುಲಭ. ಒಂದು ಸಣ್ಣ ಗುಂಯ್ ಬಿಡದೆ ಕೇಳುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಎಷ್ಟೋ ಸಲ ಅಲ್ಲಿಗೆ ನಿಲ್ಲುತ್ತದೆ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುವಾಗ ಫ್ಯಾನು, ಅಡಾಪ್ಟರು ಎಲ್ಲ ಗೊಣಗುತ್ತವೆ. ಆ ಹೊತ್ತಿನಲ್ಲಿ ರೆಕಾರ್ಡಿಂಗ್ ಬಿಟ್ಟು ಓದಿನ ಅಭ್ಯಾಸ ಮಾಡಿಕೊಳ್ಳಿ.

ಎಷ್ಟು ಶಾಂತ ಇದ್ದರೆ ಸಾಕು? ಆಡಿಯೋಬುಕ್‌ಗಳಿಗೆ ಆಡಿಬಲ್ ಕಂಪನಿಯ ಆಡಿಯೋಬುಕ್ ಪ್ರಕಟಣೆಯ ತಾಣ ಎಸಿಎಕ್ಸ್ ಇಟ್ಟಿರುವ ಅಳತೆ ನನಗೆ ಚೆನ್ನಾಗಿ ಒದಗಿದೆ. ಮಾತಿಲ್ಲದ ಜಾಗದಲ್ಲಿ ಸದ್ದು ಮೈನಸ್ 60 ಡೆಸಿಬಲ್ಲಿಗಿಂತ ಕೆಳಗೆ, ಓದಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18ರ ನಡುವೆ, ಅತಿ ಎತ್ತರದ ತುದಿ ಮೈನಸ್ 3. ಮಾತಿಲ್ಲದ ಜಾಗದ ಸದ್ದು ಇದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಬಳಸಿ, 6 ಡೆಸಿಬಲ್ಲಿನಷ್ಟು ಮಾತ್ರ. ಜಾಸ್ತಿ ತಿಕ್ಕಿದರೆ ದನಿ ನೀರಿನಡಿಯಿಂದ ಬಂದ ಹಾಗಾಗುತ್ತದೆ. ಮೊದಲು ಹೋಗುವುದೇ ಮಹಾಪ್ರಾಣದ ಉಸಿರು, ಆಮೇಲೆ ಸ, ಶ, ಷಗಳ ವ್ಯತ್ಯಾಸ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಕಂಡೆನ್ಸರ್‌ನ ತೆಳು ಪೊರೆಗೆ ತೇವ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಚಟಪಟ ಶುರುವಾಗಬಹುದು. ಕೆಲಸ ಆದಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡೈನಾಮಿಕ್ ಇಷ್ಟು ನಾಜೂಕಲ್ಲ. ಅಲ್ಲಿಯವರಿಗೆ ಅದನ್ನೇ ಹೇಳಲು ನನಗೆ ಇದೂ ಒಂದು ಕಾರಣ.

ಮೈಕ್ ಬಂದ ದಿನವೇ, ವಾಪಸ್ ಕೊಡುವ ಗಡುವು ಇರುವಾಗಲೇ, ಒಂದು ಪರೀಕ್ಷೆ ರೆಕಾರ್ಡ್ ಮಾಡಿ. ಐದು ಸೆಕೆಂಡು ಮೌನ. ಆಮೇಲೆ ‘ಕರ, ಖರ. ದನ, ಧನ. ಪಲ, ಫಲ. ಶಶಿ, ಸಾಸಿವೆ, ಸಂತೋಷ’. ಮತ್ತೆ ಪುಸ್ತಕದ ಒಂದು ಪುಟ. ಅದನ್ನು ನೀವೇ ಕೇಳಿ ತೀರ್ಮಾನಿಸಬೇಡಿ, ನಿಮಗೆ ಪದ ಗೊತ್ತಿರುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ಇನ್ನೊಬ್ಬರಿಗೆ ಕೇಳಿಸಿ, ಕೇಳಿದ್ದನ್ನು ಕಾಗದದಲ್ಲಿ ಬರೆಯಲು ಹೇಳಿ. ಹೊಸ ಮೈಕ್ ಬಂದಾಗ ನಾನು ಫೈಲನ್ನು ಅದೇ ಹುಡುಗಿಗೆ ಕಳಿಸಿದೆ. ಈಗ ಅವಳು ಬಿ.ಎ. ಓದುತ್ತಿದ್ದಾಳೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಎಲ್ಲ ಜೋಡಿಗಳನ್ನೂ ಸರಿಯಾಗಿ ಹೇಳಿದಳು. ಆಮೇಲೆ, "ಮೇಡಂ, ಹತ್ತನೇ ಸೆಕೆಂಡಿನಲ್ಲಿ ಗೇಟಿನ ಚಿಲಕ ತೆಗೆದರು ಅಲ್ವಾ?" ಅಂದಳು. ನಾನು ಮತ್ತೆ ಹಾಕಿ ಕೇಳಿದೆ. ಹೌದು, ತೆಗೆದಿದ್ದರು.